ಎಡಗಡೆಯ ದೇವದೂತ

ಬೈಜಾಂಟಿಯಮ್ ಅರಸರ ಕಾಲದಲ್ಲಿ, ಕಡಲ ದಂಡೆಯ ಊರೊಂದರ ಚರ್ಚಿನಲ್ಲಿ ನಿಕೇತಾಸ್ ಎಂಬ ಕುಶಲಕರ್ಮಿ ಕೆಲಸಕ್ಕಿದ್ದ. ಹಸಿ ಗಾರೆಯ ಮೇಲೆ ಬಣ್ಣದ ಗಾಜಿನ ಹರಳುಗಳನ್ನೂ ಚಿನ್ನದ ರೇಕು ಹುದುಗಿಸಿದ ಹರಳುಗಳನ್ನೂ ಒಂದೊಂದಾಗಿ ಒತ್ತಿ, ಗೋಡೆಯಲ್ಲಿ ಚಿತ್ರ ಕೂರಿಸುವುದು ಅವನ ಕಸುಬು. ಅವನ ಗುರು ಬಾರ್ದಾಸನಿಗೆ ವಯಸ್ಸಾಗಿತ್ತು. ದೊಡ್ಡ ಕಮಾನಿನ ಬಲಗಡೆಗೆ ಒಬ್ಬ ದೇವದೂತನನ್ನು ಕೂರಿಸಿ ಮುಗಿಸುವಷ್ಟರಲ್ಲಿ ಮಂಡಿ ಸೋತು, ಆತ ಮತ್ತೆ ಗಳ-ಹಲಗೆ ಕಟ್ಟಿದ ಸಾರುವೆ ಹತ್ತದಾದ. ಎಡಗಡೆಯ ದೇವದೂತ ನಿಕೇತಾಸನ ಪಾಲಿಗೆ ಬಂದ.

ಗುರುವಿನ ಕೆಲಸವನ್ನು ನಿಕೇತಾಸ್ ಮೊಳದಷ್ಟು ಹತ್ತಿರದಿಂದ ನೋಡಿದ್ದ. ಹರಳುಗಳೆಲ್ಲ ಮುಂದಕ್ಕೆ ವಾಲಿ, ಒಂದು ಹೀಗೆ ಒಂದು ಹಾಗೆ, ಹಾಲುಹಲ್ಲು ಬೀಳುತ್ತಿರುವ ಮಗುವಿನ ಬಾಯಿಯ ಹಾಗಿದ್ದವು. ಪಾಪ, ಮುದುಕನ ಕೈ ನಡುಗಿದೆ ಅಂದುಕೊಂಡ. ತನ್ನ ದೇವದೂತ ಹಾಗಾಗಕೂಡದು. ಪ್ರತಿ ಸಾಲು ಕೂರಿಸಿದ ಮೇಲೂ ಮರದ ಹಲಗೆಯಿಂದ ಒತ್ತಿ ಒತ್ತಿ ಸಮ ಮಾಡಿದ.

ಕೆಳಗೆ ಬೆಂಚಿನ ಮೇಲೆ ಕೂತ ಬಾರ್ದಾಸ್ ದಿನವೂ ಕೂಗುತ್ತಿದ್ದ: "ಹರಳನ್ನು ಕೆಳಕ್ಕೆ ಬಾಗಿಸಪ್ಪ." ನಿಕೇತಾಸ್ ಹೂಂ ಅನ್ನುತ್ತಿದ್ದ. ಹಲಗೆ ತೆಗೆದು ಮತ್ತೆ ಒತ್ತುತ್ತಿದ್ದ.

ಕೆಲಸ ಮುಗಿದ ದಿನ ಚರ್ಚಿನ ಪಾರುಪತ್ಯಗಾರ ಏದುಸಿರು ಬಿಡುತ್ತ ಸಾರುವೆ ಹತ್ತಿ ಬಂದ. ದೇವದೂತನ ಕೆನ್ನೆಯ ಮೇಲೆ ಅಂಗೈ ಆಡಿಸಿದ.

"ನಿನ್ನ ಗುರುವಿನದನ್ನು ಮುಟ್ಟಿದರೆ ಕೈ ತರಚುತ್ತದೆ. ಇದು ನೋಡು, ಕನ್ನಡಿ. ಗುಮ್ಮಟದ ಕೆಲಸ ನಿನಗೇ."

ಗುಮ್ಮಟವೆಂದರೆ ಹತ್ತು ವರ್ಷದ ಕೆಲಸ, ಮುಖ್ಯ ಕುಶಲಕರ್ಮಿಯ ಹೆಸರು. ನಿಕೇತಾಸ್ ಹಗಲೂ ಇರುಳೂ ಬಯಸಿದ್ದು ಅದನ್ನೇ. ಆದರೂ ಕೂತಲ್ಲಿ ಕೂರಲಾಗಲಿಲ್ಲ. ಸಾರುವೆ ಹತ್ತಿದ, ಇಳಿದ. ಒದ್ದೆ ಬಟ್ಟೆಯಿಂದ ಚಿನ್ನವನ್ನು ಒರೆಸಿದ, ಮತ್ತೆ ಒರೆಸಿದ. ಏನು ತಪ್ಪಿದೆಯೆಂದು ಕೈಗೆ ಸಿಗಲಿಲ್ಲ, ಮನಸ್ಸು ಬಿಡಲಿಲ್ಲ.

ಸಾರುವೆಯ ಅಡ್ಡಹಲಗೆಗಳನ್ನು ತೆಗೆದಾಗಿತ್ತು. ಗಳಗಳೂ ಒಂದು ಏಣಿಯೂ ಮಾತ್ರ ನಿಂತಿದ್ದವು. ನಾಳಿದ್ದು ಅವನ್ನೂ ಬಿಚ್ಚುವವರಿದ್ದರು. ನಿಕೇತಾಸ್ ನೀರು ಕುಡಿಯಲು ಇಳಿದಾಗ ದೀಪ ಹಚ್ಚುವ ಥೆಕ್ಲಾ ಅಜ್ಜಿ ಹಣತೆಗಳಿಗೆ ಎಣ್ಣೆ ಹುಯ್ಯುತ್ತಿದ್ದಳು. ಬಲಗಡೆಗೆ ಒಂದು ಹಣತೆ, ಎಡಗಡೆಗೆ ಮೂರು. ತಲೆಯೆತ್ತಿ ನೋಡಿ ಕೇಳಿದಳು:

"ಎಡಗಡೆಯದು ಯಾವಾಗ ಮುಗಿಯುತ್ತೆ, ಮಗ?"

"ಮುಗಿದು ಮೂರು ದಿನ ಆಯಿತಜ್ಜಿ."

"ಹೌದಾ? ಕಪ್ಪಗಿದೆಯಲ್ಲ, ಇನ್ನೂ ಬರೀ ಗೋಡೆ ಅಂದುಕೊಂಡಿದ್ದೆ."

ನಿಕೇತಾಸ್ ಅವಳು ನಿಂತಲ್ಲೇ ಹೋಗಿ ನಿಂತ. ಬಲಗಡೆಯ ದೇವದೂತ ಒಂದೇ ಹಣತೆಗೆ ಉರಿಯುತ್ತಿದ್ದ. ತಾನು ಅತ್ತ ಇತ್ತ ಸರಿದರೆ ರೆಕ್ಕೆ ಮಿಣುಗುತ್ತಿತ್ತು. ಎಡಗಡೆಯಲ್ಲಿ ಮೂರು ಹಣತೆಗೂ ಮಸಿ ಹಿಡಿದ ಅಡುಗೆಮನೆಯ ಗೋಡೆ.

ಆಗ ಬಾರ್ದಾಸ್ ಬೆಂಚಿನಿಂದಲೇ ಅಂದ: "ನಿನ್ನ ಹರಳು ಬೆಳಕನ್ನು ಎದುರಿನ ಚಾವಣಿಗೆ ಕೊಡುತ್ತಿದೆ. ಅಲ್ಲಿ ಯಾರೂ ಕೂತಿಲ್ಲ."

ಅಷ್ಟೇ. ಬೈಯಲಿಲ್ಲ, ತಿದ್ದು ಅನ್ನಲೂ ಇಲ್ಲ. ಬೈದಿದ್ದರೆ ನಿಕೇತಾಸನಿಗೆ ಎಷ್ಟೋ ಹಗುರವಾಗುತ್ತಿತ್ತು. ಕಂಬದಿಂದ ಕಂಬಕ್ಕೆ ನಡೆದ. ಒಪ್ಪಬೇಕಾದ ಪಾರುಪತ್ಯಗಾರ ಒಪ್ಪಿಯಾಗಿದೆ. ಬಾಯಿ ಮುಚ್ಚಿಕೊಂಡಿದ್ದರೆ ಗುಮ್ಮಟ ಕೈಯಲ್ಲಿದೆ. ಕಪ್ಪಗಿದ್ದರೆ ಅಜ್ಜಿ ನಾಲ್ಕನೆಯ ಹಣತೆ ಇಟ್ಟಾಳು. ಹೀಗೆ ಇಪ್ಪತ್ತು ಸಲ ತನಗೆ ತಾನೇ ಹೇಳಿಕೊಂಡ. ಇಪ್ಪತ್ತೊಂದನೆಯ ಸಲ ಉಳಿ ತೆಗೆದುಕೊಂಡು ಸಾರುವೆ ಹತ್ತಿದ.

ಏಟಿನ ಸದ್ದಿಗೆ ಪಾರುಪತ್ಯಗಾರ ಓಡಿಬಂದು, ತಲೆ ಕೆಟ್ಟಿದೆಯೇ ಎಂದು ಗದರಿದ. ತಪ್ಪು ನನ್ನದು, ಗುರು ಹೇಳಿದರೂ ಕೇಳಲಿಲ್ಲ, ಸಾರುವೆ ಬಿಚ್ಚಿಸಬೇಡಿ, ಹಲಗೆ ಮತ್ತೆ ಹಾಕಿಸಿ ಎಂದು ನಿಕೇತಾಸ್ ಬೇಡಿಕೊಂಡ. ಮೂರು ತಿಂಗಳು ಹಿಡಿಯಿತು. ಒಂದು ದಿನದಲ್ಲಿ ಕೂರಿಸುವಷ್ಟೇ ಗಾರೆ, ಒಂದೊಂದು ಹರಳಿಗೂ ಬಾಗು ನೋಡುವುದು. ನಾಲ್ಕು ಸಾಲಿಗೊಮ್ಮೆ ಇಳಿದು ಅಜ್ಜಿ ನಿಲ್ಲುವಲ್ಲಿ ನಿಂತು ನೋಡುವುದು.

ಮುಗಿದ ಮೇಲೆ ಪಾರುಪತ್ಯಗಾರ ಮತ್ತೆ ಹತ್ತಿ ಬಂದು ಅಂಗೈ ಆಡಿಸಿದ. ತರಚಿತು.

"ಎಲ್ಲ ಸೊಟ್ಟಗಿದೆ," ಅಂದ.

"ಇಲ್ಲಿಂದ ನೋಡಬೇಡಿ ಸ್ವಾಮಿ. ಕೆಳಗೆ ಬನ್ನಿ."

ಅವನು ಕೆಳಗಿಳಿದದ್ದೇನೋ ನಿಜ, ನಿಂತು ನೋಡಲಿಲ್ಲ. ಗುಮ್ಮಟದ ಕೆಲಸ ಬೇರೆ ಊರಿನವನಿಗೆ ಹೋಯಿತು.

ಸಾರುವೆ ಬಿಚ್ಚಿದ ಸಂಜೆ ಪ್ರಾರ್ಥನೆಗೆ ಜನ ಸೇರಿದರು. ಥೆಕ್ಲಾ ಅಜ್ಜಿ ಎಡಗಡೆಗೆ ಮೂರು ಹಣತೆ ಹಿಡಿದು ಬಂದಳು. ಮೊದಲನೆಯದನ್ನು ಹಚ್ಚಿದಳು. ತಲೆಯೆತ್ತಿ ನೋಡಿದಳು. ಉಳಿದೆರಡನ್ನು ಹಚ್ಚದೆ ಸೆರಗಿನಲ್ಲಿ ಮುಚ್ಚಿಕೊಂಡಳು.

"ಒಂದೇ ಸಾಕು ಕಣಪ್ಪ," ಅಂದಳು ನಿಕೇತಾಸನಿಗೆ. "ಎಣ್ಣೆ ಉಳಿಯಿತು."

ಬಾರ್ದಾಸ್ ಬೆಂಚಿನಲ್ಲಿ ಸ್ವಲ್ಪ ಆಚೆ ಸರಿದ. ಎಷ್ಟೋ ತಿಂಗಳ ಮೇಲೆ ನಿಕೇತಾಸ್ ಒಂದು ಕಡೆ ಕೂತ.

ನೀತಿ: ದೂರದ ಬೆಟ್ಟ ನುಣ್ಣಗೆ ಎಂದು ನಗುವ ನಾವು, ಹತ್ತಿರದ ನುಣುಪಿಗೂ ಅಷ್ಟೇ ಮೋಸ ಹೋಗುತ್ತೇವೆ. ಮೆಚ್ಚುವ ಅಧಿಕಾರಿಯ ಪಕ್ಕ ನಿಂತು ಕೆಲಸದ ಬೆಲೆಯನ್ನು ಅಳೆಯಬೇಡಿ. ಅದು ಯಾರಿಗಾಗಿ ಇದೆಯೋ ಅವರ ಜಾಗದಲ್ಲಿ ನಿಂತು ಅಳೆಯಿರಿ. ತಪ್ಪು ಕಂಡರೆ, ಎಷ್ಟೇ ನಷ್ಟವಾಗಲಿ, ಸಾರುವೆ ಬಿಚ್ಚುವ ಮೊದಲೇ ಒಡೆದು ಕಟ್ಟಿ.