ಟ್ಯೂಬಿನ ಕೊನೆಯ ಅಕ್ಷರ

“ಗುರುಗಳೇ, ಬಾಯಲ್ಲಿ ಹೇಳದ ಅಕ್ಷರವನ್ನು ಕೈಯಲ್ಲಿ ಬರೆಯುವುದೇಕೆ?” ಎಂದು ಕಲ್ಲಯ್ಯ ಕೇಳಿದ.

ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲಕ್ಕಾಗಿ ಅವನು ಮಠದ ಗುರುಗಳ ಬಳಿ ಪಾಠಕ್ಕೆ ಬರುತ್ತಿದ್ದ. ದಿನವೂ ಅವನ ಜೊತೆ ತಾಯಿ ಬರುತ್ತಿದ್ದಳು. ಅವಳಿಗೆ ಓದು ಬಾರದು. ಪಾಠ ಮುಗಿಯುವವರೆಗೆ ಹೊಸಿಲ ಬಳಿ ಸುಮ್ಮನೆ ಕೂತಿರುತ್ತಿದ್ದಳು. ಆ ದಿನ ಕಲ್ಲಯ್ಯ ಒಬ್ಬನೇ ಬಂದಿದ್ದ. ಓದುವಾಗ ಎಂದೂ ಇಲ್ಲದಂತೆ ಮಾತು ಮಾತಿಗೂ ತಡವರಿಸುತ್ತಿದ್ದ.

“ಕನ್ನಡದಲ್ಲಿ ಬರೆದದ್ದೆಲ್ಲ ಬಾಯಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಕೆಲವು ಅಕ್ಷರ ತುಟಿಯನ್ನೇ ಬಿಚ್ಚುವುದಿಲ್ಲ. ಮಾತಾಡದವರಿಗೆ ಪಂಕ್ತಿಯಲ್ಲಿ ಎಲೆ ಏಕೆ?”

ಗುರುಗಳು ನಕ್ಕರು. “ಎಲೆ ಎತ್ತುವ ಮೊದಲು ಒಂದು ಕತೆ ಕೇಳು” ಎಂದರು.

ಒಂದೂರಿನಲ್ಲಿ ಒಬ್ಬ ಸೈಕಲ್ ರಿಪೇರಿಯವನಿದ್ದ. ಅವನ ಹೆಂಡತಿಗೆ ಕಿವಿ ಕೇಳುತ್ತಿತ್ತು, ಮಾತು ಮಾತ್ರ ಹುಟ್ಟಿನಿಂದಲೇ ಇರಲಿಲ್ಲ. ಅಂಗಡಿಯ ಕೊನೆಯಲ್ಲಿ, ನೀರಿನ ಬೋಗುಣಿಯ ಮುಂದೆ ಅವಳು ಕೂರುತ್ತಿದ್ದಳು. ಅವನು ಗಾಳಿ ತುಂಬಿದ ಟ್ಯೂಬನ್ನು ನೀರಿನಲ್ಲಿ ಅದ್ದಿ ತಿರುಗಿಸುತ್ತಿದ್ದ. ಸಾಸಿವೆಯಷ್ಟು ಗುಳ್ಳೆ ಎದ್ದರೂ ಅವಳ ಬೆರಳು ಅಲ್ಲಿರುತ್ತಿತ್ತು. ಅವನು ಗಿರಾಕಿಗಳಿಗೆ “ಬರ್ರೀ, ಕೂಡ್ರೀ” ಎಂದು ರಾಗ ಎಳೆಯುತ್ತ, ಊರ ಸುದ್ದಿ ಹೇಳುತ್ತ, ಅವಳು ತೋರಿಸಿದಲ್ಲಿ ತೇಪೆ ಹಚ್ಚುತ್ತಿದ್ದ. ತೂತು ಹುಡುಕುವವನು ತಾನೇ ಎಂದು ಅವನು ನಂಬಿದ್ದ. ಪಾಪ, ದಿನದ ರೂಢಿ ಹಾಗೆ ನಂಬಿಸಿತ್ತು.

ಅಂಗಡಿಯ ಎದುರಿಗೆ ಕಾಲೇಜು ಬಂತು. ಗೆಳೆಯನೊಬ್ಬ, “ಅಂಗಡ್ಯಾಗ ಮೂಕಿನ್ನ ಕೂಡಿಸಿದ್ರ ಮಂದಿ ನಗತಾರ” ಎಂದ. ಆ ಸಂಜೆ ರಿಪೇರಿಯವನು ಹೆಂಡತಿಗೆ, “ನಾಳಿಂದ ನೀ ಮನ್ಯಾಗ ಇರು” ಎಂದ. ಅವಳು ಬೋಗುಣಿಯ ನೀರು ಚೆಲ್ಲಿ, ಒರೆಸಿ, ಬೋರಲು ಹಾಕಿ ಹೋದಳು.

ಕಾಲೇಜಿನವರಿಗೆ ತಿಳಿಯಲೆಂದು ಅವನು ಬೋರ್ಡಿನ ಮೇಲೆ ‘ಟ್ಯೂಬ್’ ಎಂದು ಇಂಗ್ಲಿಷಿನಲ್ಲಿ ಬರೆಸಿದ. ಬೋರ್ಡು ಏರಿದ ದಿನವೇ ಒಬ್ಬ ಬಾಣಂತಿಯ ತಾಯಿ ಬಂದು, ಕೂಸಿಗೆ ಎರೆಯಲು ಟಬ್ ಕೇಳಿದಳು. ಹಿಂದೆಯೇ ಇನ್ನೊಬ್ಬರು ಬಟ್ಟೆ ನೆನೆಹಾಕುವ ಟಬ್ ಕೇಳಿದರು. ಹುಡುಗರು ನಿಂತು ನಿಂತು ನಕ್ಕರು. ಅದರ ಮೇಲೆ, ಹಿಂದಿನ ದಿನ ಅವಳಿಲ್ಲದೆ ತೇಪೆ ಹಚ್ಚಿದ ಮೂರು ಟ್ಯೂಬುಗಳು ಗಾಳಿ ಬಿಟ್ಟುಕೊಂಡು ಮರಳಿ ಬಂದವು. ರಾಗ ಎಳೆಯುತ್ತಿದ್ದವನು ಬಂದವರಿಗೆಲ್ಲ “ಏನ್?” ಎಂದು ಕಡಿದು ಮಾತಾಡತೊಡಗಿದ.

ಅವನು ಬೋರ್ಡು ಬರೆದ ಪೇಂಟರನನ್ನು ಕರೆಸಿ ಜಗಳಕ್ಕೆ ನಿಂತ.

“ಟ್ಯೂಬಿನ ಕೊನೀ ಅಕ್ಷರ ಮಾತೇ ಆಡಂಗಿಲ್ಲ ಅಂತ ಓದಿದವರು ಅಂದ್ರು. ಮಾತಾಡದೇ ಇರೋದು ಇದ್ದರೇನು ಬಿಟ್ಟರೇನು ಅಂತ ಬಿಟ್ಟೆ” ಎಂದ ಪೇಂಟರ.

ಸೈಕಲ್ಲಿಗೆ ಗಾಳಿ ಹಾಕಿಸಲು ನಿಂತಿದ್ದ ಮೇಷ್ಟರೊಬ್ಬರು ಹೇಳಿದರು: “ಆ ‘ಇ’ ಮಾತಾಡುವುದಿಲ್ಲ, ನಿಜ. ಆದರೆ ಅದು ಕೊನೆಯಲ್ಲಿ ಕೂತಿದ್ದರೇ ನಡುವಿನ ‘ಯು’ ತನ್ನ ಹೆಸರನ್ನು ತಾನು ದೀರ್ಘವಾಗಿ ಹೇಳಿಕೊಳ್ಳುತ್ತದೆ. ಅದನ್ನು ಕಳಿಸಿದರೆ ದನಿ ಗಿಡ್ಡವಾಗುತ್ತದೆ, ಟ್ಯೂಬು ಟಬ್ಬಾಗುತ್ತದೆ.”

ರಿಪೇರಿಯವನು ಬೋರಲು ಬಿದ್ದ ಬೋಗುಣಿಯನ್ನು ನೋಡಿದ. ನಡುಮಧ್ಯಾಹ್ನವೇ ಅಂಗಡಿ ಮುಚ್ಚಿ, ಬೋಗುಣಿ ಹಿಡಿದು ಮನೆಗೆ ಹೋದ. ಹೆಂಡತಿಯ ಮುಂದೆ ಅದನ್ನಿಟ್ಟು, “ತಪ್ಪಾತು, ಬಾ. ನೀ ಇಲ್ಲದ ನನ್ನ ಅಂಗಡಿಗೆ ತನ್ನ ಹೆಸರು ಹೇಳಾಕೂ ಬರವಲ್ದು” ಎಂದ.

ಅವಳು ಬೆರಳೆತ್ತಿ ಅವನ ಎದೆಯ ಮೇಲಿಟ್ಟಳು. ತೂತು ಇರುವ ಜಾಗ ಅವಳಿಗೆ ಯಾವತ್ತೂ ತಪ್ಪುತ್ತಿರಲಿಲ್ಲ. ಬೋಗುಣಿಯನ್ನು ಸೊಂಟಕ್ಕಿಟ್ಟುಕೊಂಡು ಅವನಿಗಿಂತ ಮುಂದೆ ನಡೆದಳು.

ಕತೆ ಮುಗಿಯಿತು. “ಹಾಗಾದರೆ ಕೊನೆಯ ‘ಇ’ ಬಿಡಬಾರದು” ಎಂದು ಕಲ್ಲಯ್ಯ ಖುಷಿಯಿಂದ ಪುಸ್ತಕದಲ್ಲಿ ಬರೆದುಕೊಂಡ.

ಗುರುಗಳು ಖಾಲಿ ಹೊಸಿಲ ಕಡೆ ನೋಡಿ ಕೇಳಿದರು:

“ಇವತ್ತು ಅವ್ವನನ್ನು ಯಾಕೆ ಬಿಟ್ಟು ಬಂದೆ, ಕಲ್ಲಯ್ಯ?”