ಮಾಳಿಂಗನ ಬಾಯಿ ಒಣಗಿದ್ದು

ಆ ಅಕ್ಕಿಗೆ ಒಂದು ಹೆಸರಿತ್ತು. ದಿಬ್ಬದಕ್ಕಿ... ಅಲ್ಲ. ದಿಬ್ಯದಕ್ಕಿಯೋ ಏನೋ... ಅದೂ ಅಲ್ಲ. ನಮ್ಮ ಕಡೆಯ ಹಿರಿಯರು ಬಾಯಿ ತುಂಬ ಅನ್ನುತ್ತಿದ್ದರು. ಇಷ್ಟು ದೂರದ ಊರಿಗೆ ಬಂದ ಮೇಲೆ ಆ ಮಾತು ಆಡುವವರೇ ಸಿಗಲಿಲ್ಲ, ಸವೆದುಹೋಯಿತು. ಇರಲಿ. ಅಕ್ಕಿಯ ಹೆಸರು ಹೋದರೂ ಕಥೆ ಹೋಗಿಲ್ಲ. ಹತ್ತಿರ ಬನ್ನಿ, ಕೇಳಿ.

ಏಳು ಗುಡ್ಡದ ಆಚೆ ಒಂದು ರಾಜ್ಯ. ಅಲ್ಲಿ ಒಬ್ಬ ರಾಜ. ಅವನ ರಾಜ್ಯದಲ್ಲಿ ಕೊಲೆಯಾದರೆ ಯಾರೂ ಹುಡುಕಾಡುತ್ತಿರಲಿಲ್ಲ. ಅನುಮಾನ ಬಂದವರನ್ನು ಸಾಲಾಗಿ ಕೂರಿಸುವುದು. ಒಂದೊಂದು ಹಿಡಿ ಒಣ ಅಕ್ಕಿ ಬಾಯಿಗೆ ಹಾಕುವುದು. ಅಗಿಸಿ ಮುತ್ತುಗದ ಎಲೆಯ ಮೇಲೆ ಉಗಿಸುವುದು. ಒದ್ದೆಯಾಗಿ ಬಂದರೆ ಮನೆಗೆ. ಒಣ ಹಿಟ್ಟಾಗಿ ಬಂದರೆ ನೇಣಿಗೆ. ಪಾಪ ಮಾಡಿದವನ ಬಾಯಿ ಒಣಗುತ್ತದೆ ಎಂದು ಅವರ ನಂಬಿಕೆ. ಅಕ್ಕಿ ಕೊಡುವ ಕೈ ಮಾತ್ರ ಸತ್ತವನ ಮನೆಯವರದೇ ಆಗಬೇಕು, ಅದು ಕಟ್ಟಳೆ.

ಆ ರಾಜ್ಯದ ಒಂದು ಹಳ್ಳಿಯಲ್ಲಿ ಹಾಲವ್ವ ಅಂತ ಒಬ್ಬಳಿದ್ದಳು. ಗಂಡ ಊರಿಗೆ ಗೌಡನಾಗಿದ್ದವನು, ತೀರಿಕೊಂಡಿದ್ದ. ಇದ್ದೊಬ್ಬ ಮಗ ದ್ಯಾಮನಗೌಡ. ಸುಗ್ಗಿ ಮುಗಿದರೆ ಅಪ್ಪನ ರುಮಾಲು ಅವನ ತಲೆಗೇರಬೇಕು, ಊರ ಗೌಡಿಕೆ ಅವನದಾಗಬೇಕು. ಹಾಲವ್ವ ರುಮಾಲು ಒಗೆದು, ಗಂಜಿ ಹಾಕಿ, ಮಡಚಿ ಇಟ್ಟಿದ್ದಳು.

ಸುಗ್ಗಿ ಮುಗಿಯಲಿಲ್ಲ. ಒಂದು ಬೆಳಿಗ್ಗೆ ಕುರಿ ಕಾಯುವ ಮಾಳಿಂಗ ಹುಲ್ಲುಗಾವಲಿನಿಂದ ಓಡೋಡಿ ಬಂದ. ಹೆಗಲ ಮೇಲೆ ದ್ಯಾಮನ ಹೆಣ. ಕಂಬಳಿಯೆಲ್ಲ ನೆತ್ತರು. ಹೆಣದ ತಲೆ ಒಡೆದಿತ್ತು. ಬಲಗಾಲಲ್ಲಿ ಕೆರವಿತ್ತು, ಎಡಗಾಲಲ್ಲಿ ಇರಲಿಲ್ಲ.

"ಬಿದ್ದಿದ್ದ ಯವ್ವಾ, ಎತ್ತಿಕೊಂಡು ಬಂದೆ," ಅಂದ ಮಾಳಿಂಗ.

"ಎತ್ತಿಕೊಂಡು ಬಂದೆಯೋ, ಹೊಡೆದು ಹೊತ್ತುಕೊಂಡು ಬಂದೆಯೋ?" ಅಂದ ತಿರಕನಗೌಡ. ಇವನು ಹಾಲವ್ವನ ಗಂಡನ ತಮ್ಮ, ದ್ಯಾಮನಿಗೆ ಚಿಕ್ಕಪ್ಪ. ಎದೆ ಎದೆ ಬಡಿದುಕೊಂಡು ಅಳುತ್ತಿದ್ದ.

ಇನ್ನೊಂದು ಕೆರ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅಕ್ಕಿ ಇರುವಾಗ ಕೆರ ಯಾರಿಗೆ ಬೇಕು?

ರಾಜನ ಆಳುಗಳು ಬಂದು ಮೂವರನ್ನು ಕೂರಿಸಿದರು. ಹೆಣ ಹೊತ್ತು ತಂದ ಮಾಳಿಂಗ. ಆ ದಾರಿಯಲ್ಲಿ ಹಾದುಹೋಗಿದ್ದ ಬಳೆಗಾರ. ಸತ್ತವನ ಮನೆಯವನಾದ ತಿರಕನಗೌಡ. ಹಾಲವ್ವ ಅಕ್ಕಿಯ ಚೀಲ ಹಿಡಿದು ಎದುರಿಗೆ ನಿಂತಳು.

ಬಳೆಗಾರನಿಗೆ ಕೊಟ್ಟಳು. ಅಗಿದ, ಉಗಿದ. ಅಷ್ಟಿಷ್ಟು ಒದ್ದೆ.

ತಿರಕನಗೌಡನಿಗೆ ಕೊಟ್ಟಳು. ಅಗಿದ, ಉಗಿದ. ಗಂಜಿಯ ಹಾಗೆ ಎಲೆಯಿಂದ ಆಚೆ ಹರಿಯಿತು. "ಎಂಥ ಶುದ್ಧ ಬಾಯಿ!" ಅಂದರು ಹಿರಿಯರು.

ಮಾಳಿಂಗನಿಗೆ ಕೊಟ್ಟಳು. ಸುತ್ತ ಈಟಿ ಹಿಡಿದ ಆಳುಗಳು. ಅವನು ಹುಟ್ಟಿದಾಗಿನಿಂದ ಕುರಿ ಬಿಟ್ಟರೆ ಯಾರ ಮುಂದೆಯೂ ಕೂತವನಲ್ಲ. ಅಗಿದ, ಅಗಿದ, ಅಗಿದ. ಉಗಿದರೆ ಹಿಟ್ಟು ಗಾಳಿಗೆ ಹಾರಿತು.

"ಇವನೇ!" ಅಂತ ಕೂಗಿದವರಲ್ಲಿ ಹಾಲವ್ವನ ದನಿಯೇ ದೊಡ್ಡದು.

ಮನೆಗೆ ಬಂದಳು. ಮಗನ ಲೆಕ್ಕ ತೀರಿತು ಅಂದುಕೊಂಡಳು. ಮೂಲೆಯಲ್ಲಿ ಮಡಚಿಟ್ಟ ರುಮಾಲು ಕಂಡಿತು. ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸೊಂಟದ ಚೀಲದಲ್ಲಿ ಉಳಿದಿದ್ದ ಅಕ್ಕಿಯನ್ನೇ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಅಗಿದಳು. ಇಳಿಯಲಿಲ್ಲ. ಅಂಗೈಗೆ ಉಗಿದು ನೋಡಿದಳು.

ಒಣ ಹಿಟ್ಟು.

ಹಾಲವ್ವ ಆ ಅಂಗೈಯನ್ನೇ ನೋಡುತ್ತಾ ಕೂತಳು. "ಅಯ್ಯೋ, ನಾನು ನನ್ನ ಮಗನನ್ನು ಕೊಂದೆನೇ?"

ಎದ್ದವಳು ಮೊದಲು ಹೋದದ್ದು ಮೈದುನನ ಬಾಗಿಲಿಗೆ. "ತಿರಕಣ್ಣ, ಮಾಳಿಂಗ ಕೊಂದಿಲ್ಲ ಅನ್ನಿಸುತ್ತೆ ಕಣಪ್ಪ. ನನ್ನ ಬಾಯಿಯೂ ಒಣಗಿದೆ."

"ಅತ್ತಿಗೆ, ದುಃಖಕ್ಕೆ ತಲೆ ತಿರುಗಿದೆ ನಿನಗೆ," ಅಂದ ಅವನು. "ಬಾ, ಹುಣಸೆ ಪಾನಕ ಕುಡಿ. ಬಾಯಿ ತಾನೇ ಒದ್ದೆಯಾಗುತ್ತೆ."

ಎರಡನೆಯದಾಗಿ ಊರ ಹಿರಿಯರ ಬಾಗಿಲಿಗೆ ಹೋದಳು. "ತಾಯೀ, ಅಕ್ಕಿ ಕೊಟ್ಟವಳು ನೀನೇ, ಕೂಗಿದವಳೂ ನೀನೇ," ಅಂದರು ಅವರು. "ಈಗ ನಿನ್ನ ಕೈಯೇ ಸುಳ್ಳು ಅಂತೀಯಾ?"

ಮೂರನೆಯದಾಗಿ ರಾಜನ ಬಾಗಿಲಿಗೆ ಹೋದಳು. ರಾಜ ಎಲ್ಲ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಅಂದ: "ಇವನ ಅಕ್ಕಿ ಸುಳ್ಳಾದರೆ, ಇದಕ್ಕೆ ಮೊದಲು ನಾನು ನೇಣಿಗೆ ಹಾಕಿದವರೆಲ್ಲ ಎದ್ದು ಬಂದು ನನ್ನ ಬಾಗಿಲಲ್ಲಿ ನಿಲ್ಲುತ್ತಾರೆ. ಅವರನ್ನೆಲ್ಲ ಎಲ್ಲಿ ಕೂರಿಸಲಿ, ತಾಯಿ? ಹೋಗು."

ರಾಜನ ಎದುರಿಗೇ ಮಾಳಿಂಗನನ್ನು ನೇಣಿನ ಮರದ ಕೆಳಗೆ ತಂದರು. ಅವನ ತಾಯಿ ಲಗುಮವ್ವನನ್ನು ಹತ್ತಿರ ಬಿಡಲಿಲ್ಲ. ಹಾಲವ್ವನನ್ನು ಬಿಟ್ಟರು; ಸತ್ತವನ ತಾಯಿ ನೋಡಲಿ ಅಂತ. ಅವಳ ಕೈಯಲ್ಲಿ ತಂಬಿಗೆ ನೀರಿತ್ತು. ಮಾಳಿಂಗ ಗಟಗಟ ಕುಡಿದ.

"ಈಗಲೂ ಒಣಗಿದೆ ಯವ್ವಾ," ಅಂದ. "ಎಷ್ಟು ಕುಡಿದರೂ ಒಣಗುತ್ತದೆ. ಕುರಿಗಳಿಗೆ ಇನ್ನೂ ನೀರು ಕುಡಿಸಿಲ್ಲ, ಯಾರಿಗಾದರೂ ಹೇಳು."

ಅಷ್ಟೇ ಅವನ ಮಾತು. ಹಗ್ಗ ಬಿಗಿಯಿತು.

ಜನ ಚದುರಿದರು. ರಾಜ ಕುದುರೆ ಹತ್ತಬೇಕು, ಹಾಲವ್ವ ಲಗಾಮು ಹಿಡಿದಳು. ಆಳುಗಳು ಈಟಿ ಎತ್ತಿದರು. ಅವಳು ಬಿಡಲಿಲ್ಲ. ಚೀಲ ಬಿಚ್ಚಿ ಒಂದು ಹಿಡಿ ಅಕ್ಕಿ ಚಾಚಿದಳು.

"ಇಲ್ಲೇ, ಇವನ ಕಾಲ ಕೆಳಗೆ ನಿಂತು ಅಗಿಯಿರಿ, ಒಡೆಯಾ. ಒದ್ದೆ ಬಂದರೆ ನನ್ನನ್ನೂ ಪಕ್ಕದ ಕೊಂಬೆಗೆ ಕಟ್ಟಿ."

ರಾಜ ತಲೆಯೆತ್ತಿ ನೋಡಿದ. ಮಾಳಿಂಗನ ಕಾಲು ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು. ಆ ಕಡೆ ಲಗುಮವ್ವ ಮಣ್ಣಿನಲ್ಲಿ ಹೊರಳುತ್ತಿದ್ದಳು. ರಾಜ ಅಕ್ಕಿ ಬಾಯಿಗೆ ಹಾಕಿಕೊಂಡ. ಅಗಿದ. ಹಿಟ್ಟು ಉದುರಿ ಗಡ್ಡಕ್ಕೆಲ್ಲ ಮೆತ್ತಿಕೊಂಡಿತು.

ಗಡ್ಡ ಒರೆಸಿಕೊಂಡು ಅವನು ಕೇಳಿದ, "ಹಾಗಾದರೆ ಕೊಂದವನು ಯಾರು?"

"ಗೊತ್ತಿಲ್ಲ, ಒಡೆಯಾ. ಮಗನನ್ನು ಕಳೆದುಕೊಂಡವಳ ಬಾಯಿ ಒಣಗಿತು. ಕುರಿಯವನ ಬಾಯಿ ಒಣಗಿತು. ನಿಮ್ಮ ಬಾಯಿಯೂ ಒಣಗಿತು. ಅಣ್ಣನ ಮಗನ ಹೆಣದ ಮುಂದೆ ಕೂತು ಗಂಜಿ ಹರಿಸಿದವನ ಬಾಯಿಯನ್ನು ಮಾತ್ರ ಒಮ್ಮೆ ನೋಡಬೇಕು. ನಾನು ಹೇಳಿದಂತೆ ಡಂಗುರ ಹೊಡೆಸಿ."

ಡಂಗುರ ಹೊಡೆಯಿತು. ಕೇಳಿರಪ್ಪೋ ಕೇಳಿರಿ! ಹಳೆಯ ಕಟ್ಟಳೆಯನ್ನು ತಲೆಕೆಳಗಾಗಿ ತಿಳಿದಿದ್ದೆವು! ಪಾಪಿಯ ಬಾಯಿ ಒಣಗುವುದಿಲ್ಲ, ಅದರಲ್ಲಿ ನೀರೂರುತ್ತದೆ! ಬರುವ ಅಮಾವಾಸ್ಯೆಗೆ ಉಳಿದಿಬ್ಬರಿಗೂ ಮತ್ತೆ ಅಕ್ಕಿ!

ಅಮಾವಾಸ್ಯೆ ಬಂತು. ಬಳೆಗಾರ ಬಂದು ಕೂತ. ತಿರಕನಗೌಡನೂ ಬಂದು ಕೂತ. ಈಗ ಊರ ಗೌಡಿಕೆ ಅವನದು, ತಲೆಯ ಮೇಲೆ ಅಣ್ಣನ ರುಮಾಲು. ಹಾಲವ್ವ ಮಗನಿಗೆಂದು ಗಂಜಿ ಹಾಕಿದ್ದು. ತುಟಿ ಬಿಗಿದು, ಅಕ್ಕಿಗಾಗಿ ಕೈಚಾಚಿದ.

ಹಾಲವ್ವ ಚೀಲ ಬಿಚ್ಚಲಿಲ್ಲ.

"ಇವತ್ತು ಅಕ್ಕಿ ಇಲ್ಲ," ಅಂದಳು. "ಇಬ್ಬರೂ ಬಾಯಿ ತೆರೆಯಿರಿ."

ಬಳೆಗಾರ ಆ ಎಂದು ತೆರೆದ. ನಾಲ್ಕು ಹುಳುಕು ಹಲ್ಲು, ಇನ್ನೇನಿಲ್ಲ.

ತಿರಕನಗೌಡ ತೆರೆಯಲಿಲ್ಲ. ಆಳುಗಳು ದವಡೆ ಹಿಡಿದು ತೆರೆಸಿದರು. ಎರಡು ದವಡೆಯಲ್ಲೂ ಅಳಲೆಕಾಯಿಯ ತುಂಡು! ಅದರ ಒಗರಿಗೆ ನಾಲಿಗೆ ಒಣಗಿ ಚಕ್ಕೆಯಾಗಿತ್ತು.

"ಇದೇನು ಗೌಡ?" ಅಂದ ರಾಜ.

"ಕೆ... ಕೆಮ್ಮು, ಮಹಾಪ್ರಭು."

"ಹೋದ ಸಲವೂ ಕೆಮ್ಮಿತ್ತೇನಪ್ಪ?" ಅಂದಳು ಹಾಲವ್ವ. "ಅವತ್ತೂ ಇದನ್ನೇ ಇಟ್ಟುಕೊಂಡಿದ್ದೆಯಾ?"

"ಅವತ್ತು ಹುಣಸೆಹಣ್ಣು..." ಅಂದವನು ನಾಲಿಗೆ ಕಚ್ಚಿಕೊಂಡ. "ಹೆದರಿಕೆಗೆ ಇಟ್ಟುಕೊಂಡೆ ಅತ್ತಿಗೆ! ಬರೀ ಹೆದರಿಕೆಗೆ!"

"ಕಟ್ಟಿರಿ ಇವನನ್ನು! ಮರಕ್ಕೆ ಒಯ್ಯಿರಿ!" ಅಂದ ರಾಜ.

ಹಾಲವ್ವ ಅಡ್ಡ ನಿಂತಳು. "ಮತ್ತೆ ಬಾಯಿ ನೋಡಿ ಕೊಲ್ಲುತ್ತೀರಾ, ಒಡೆಯಾ? ಹೆದರಿದವರೆಲ್ಲ ಕೊಂದವರಲ್ಲ. ಇವನೂ ಹೆದರಿಯೇ ಇರಬಹುದು. ಹೋಗಿ ಹುಡುಕಿ. ನನ್ನ ಮಗನ ಎಡಗಾಲಿನ ಕೆರ ಎಲ್ಲಿದೆ, ಹುಡುಕಿ. ಅವತ್ತೇ ಹುಡುಕಬೇಕಿತ್ತು. ನಾನೂ ಕೇಳಲಿಲ್ಲ, ನೀವೂ ಕೇಳಲಿಲ್ಲ."

ಹುಡುಕಿದರು. ತಿರಕನಗೌಡನ ಅಟ್ಟದಲ್ಲಿ ಇರಲಿಲ್ಲ. ಕೊಟ್ಟಿಗೆಯಲ್ಲಿ ಇರಲಿಲ್ಲ. ಅಂಗಳದಲ್ಲಿ ಜೋಳ ತುಂಬಿ ಬಾಯಿ ಮುಚ್ಚಿದ ಹಗೆ ಇತ್ತು, ನೆಲದೊಳಗಿನ ಕಾಳಿನ ಗುಂಡಿ. ಅದನ್ನು ಅಗೆದರು. ಜೋಳದ ಅಡಿಯಲ್ಲಿ ನೆತ್ತರು ಅಂಟಿದ ಕೊಡಲಿ. ಅದರ ಪಕ್ಕದಲ್ಲಿ ಒಂಟಿ ಕೆರ. ಸುಟ್ಟರೆ ತೊಗಲಿನ ವಾಸನೆ ಊರಿಗೆಲ್ಲ ಹಬ್ಬುತ್ತದೆ ಎಂದು ಹೂತಿಟ್ಟಿದ್ದ. ಅಂಗಳದಲ್ಲೇ ಹೊಡೆದು, ಹೆಣವನ್ನು ಹುಲ್ಲುಗಾವಲಿಗೆ ಎಸೆದು ಬಂದಿದ್ದ. ಎಲ್ಲ ಆ ರುಮಾಲಿಗಾಗಿ.

ತಿರಕನಗೌಡ ಆಮೇಲೆ ಬಾಯಿ ತೆರೆದ. ಯಾರೂ ಹಿಡಿದು ತೆರೆಸಬೇಕಾಗಲಿಲ್ಲ. ರಾಜ ಅವನನ್ನು ಗುಡ್ಡದ ಕೋಟೆಯ ಕತ್ತಲ ಕೋಣೆಗೆ ಹಾಕಿದ. ಅಕ್ಕಿಯ ಕಟ್ಟಳೆಯನ್ನು ಕಿತ್ತುಹಾಕಿದ. ಹಗ್ಗ ಸುಡಿಸಿದ. ಆಮೇಲೆ ಲಗುಮವ್ವನ ಗುಡಿಸಲಿಗೆ ನಡೆದುಕೊಂಡೇ ಹೋಗಿ, "ಹೊಲ ಕೊಡಲೇ ತಾಯಿ, ಹಸು ಕೊಡಲೇ?" ಅಂದ.

ಕುರಿಗಳಿಗೆ ನೀರು ಕುಡಿಸುತ್ತಿದ್ದ ಮುದುಕಿ ತಿರುಗಿ ಕೂಡ ನೋಡಲಿಲ್ಲ. "ನನ್ನ ಮಗನನ್ನು ಜೀವಂತ ಇಳಿಸಿಕೊಡು," ಅಂದಳು.

ರಾಜ ತಲೆ ತಗ್ಗಿಸಿ ನಿಂತ.

ಜೊತೆಗೆ ಬಂದಿದ್ದ ಹಾಲವ್ವ ಅಂದಳು, "ಅದಾಗದು, ಲಗುಮಕ್ಕ. ಅವನ ಹೆಸರನ್ನಾದರೂ ನೇಣಿನಿಂದ ಇಳಿಸೋಣ."

ಮತ್ತೆ ಡಂಗುರ ಹೊಡೆಯಿತು, ಮಾಳಿಂಗ ಕೊಲೆಗಾರನಲ್ಲ ಅಂತ. ಕೆಲವರು ಕೇಳಿದರು. ಕೆಲವರು ತಲೆಯಾಡಿಸಿದರು. ಕೆಲವರು ಬಾವಿಕಟ್ಟೆಯ ಮೇಲೆ ಕೂತು, "ಏನೇ ಅನ್ನಿ, ಏನೂ ಮಾಡದವನ ಬಾಯಿ ಸುಮ್ಮನೆ ಒಣಗುತ್ತದಾ?" ಅಂದರು. ಅಳುವ ಮಕ್ಕಳನ್ನು "ಮಾಳಿಂಗ ಬಂದ ನೋಡು" ಅಂತ ಹೆದರಿಸುವುದು ಎಷ್ಟೋ ಕಾಲ ನಿಲ್ಲಲಿಲ್ಲ. ಹಾಲವ್ವ ಬದುಕಿರುವ ತನಕ ಸಂತೆಯಿಂದ ಸಂತೆಗೆ ಹೋಗಿ, ಮಗನ ಒಂಟಿ ಕೆರ ತೋರಿಸಿ, ಈ ಕಥೆ ಹೇಳಿದಳಂತೆ. ನಂಬಿದವರಿಗೂ ಹೇಳಿದಳು, ನಂಬದವರಿಗೂ ಹೇಳಿದಳು.

ನೀತಿ ಇಷ್ಟೇ ಮಕ್ಕಳೇ. ಹೆದರಿದವನನ್ನು ಕಳ್ಳ ಅನ್ನಬೇಡಿ, ಎದೆ ಬಡಿದುಕೊಳ್ಳುವವನನ್ನು ಸಾಚಾ ಅನ್ನಬೇಡಿ. ಒಬ್ಬನ ಕಡೆ ಬೆರಳು ತೋರಿಸುವ ಮೊದಲು ಕಾಣೆಯಾದ ಕೆರವನ್ನು ಹುಡುಕಿ. ತಪ್ಪು ಮಾಡಿ ಕಟ್ಟಿದ್ದನ್ನೆಲ್ಲ ಬಿಚ್ಚಬಹುದು, ನೇಣಿಗೆ ಹಾಕಿದವನನ್ನು ಉಸಿರು ಸಮೇತ ಇಳಿಸಲಾಗದು.

ಬಾ ಕೂಸೇ, ಪೆನ್ನು ತಗೋ, ಇದನ್ನು ಬರೆದಿಡು. ಆ ಅಕ್ಕಿಯ ಹೆಸರು ನೆನಪಾಗದಿದ್ದರೆ ಹೋಗಲಿ. ಮೊದಲು ಮಾಳಿಂಗ ಅಂತ ಬರಿ.