ಬೀಸುಕಲ್ಲಿನ ಹಾಡು ಬೆಕ್ಕಿನ ಹೊಟ್ಟೆ ಸೇರಿದ್ದು

ಲೋಕ ಆಗಷ್ಟೇ ತಯಾರಾಗಿತ್ತು. ಅದರ ಹಸಿ ಇನ್ನೂ ಆರಿರಲಿಲ್ಲ. ಗುಡ್ಡಗಳು ಎಲ್ಲಿ ಕೂರುವುದೆಂದು ಜಾಗ ಹುಡುಕುತ್ತಿದ್ದವು. ಗಾಳಿ ದಾರಿ ಗೊತ್ತಿಲ್ಲದೆ ಸಿಕ್ಕವರನ್ನೆಲ್ಲ ಕೇಳಿಕೊಂಡು ತಿರುಗುತ್ತಿತ್ತು. ಕಲ್ಲು ಮಾತಾಡುತ್ತಿತ್ತು, ಹೊಳೆ ಮಾತಾಡುತ್ತಿತ್ತು. ಮನುಷ್ಯರು ಮಾತ್ರ ಈಗಿನಷ್ಟು ಮಾತಾಡುತ್ತಿರಲಿಲ್ಲ.

ಆಗ ಕರಿಮಣ್ಣಿನ ಹೊಲಗಳ ನಡುವೆ ಒಂದು ಹೊಳೆ, ಹೊಳೆಯ ದಂಡೆಯಲ್ಲಿ ಒಂದು ಮಣ್ಣಿನ ಮನೆ. ಆ ಮನೆಯಲ್ಲಿ ನಿಂಬೆವ್ವ ಎನ್ನುವ ಮುದುಕಿ, ಅವಳ ಮಗಳು ಕಾಳವ್ವ, ಕಾಳವ್ವನ ಕೂಸು ದ್ಯಾಮಿ. ಜೊತೆಗೆ ಒಂದು ಬೀಸುಕಲ್ಲು. ಅದನ್ನೂ ಮನೆಯವರ ಲೆಕ್ಕಕ್ಕೇ ಸೇರಿಸಬೇಕು, ಯಾಕೆಂದರೆ ಎಲ್ಲರಿಗಿಂತ ಮೊದಲು ಎದ್ದು ಹಾಡುತ್ತಿದ್ದದ್ದು ಅದೇ.

ಕಾಳವ್ವ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಬೀಸುತ್ತಿದ್ದಳು. ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕುವಳು, ಗೂಟ ಹಿಡಿದು ತಿರುಗಿಸುವಳು. ಗುರ್ ಗುರ್, ಗುರ್ ಗುರ್. ಹಿಟ್ಟು ಹಾರಿ ಕಣ್ಣಿಗೆ ಬೀಳುತ್ತದೆಂದು ಕಣ್ಣನ್ನು ಅರ್ಧ ಮುಚ್ಚಿಕೊಳ್ಳುವಳು. ದ್ಯಾಮಿ ಪೂರ್ತಿ ಮುಚ್ಚಿಕೊಳ್ಳುತ್ತಿದ್ದಳು. ಬೀಸಿ ಮುಗಿದ ಮೇಲೆ ನಿಂಬೆವ್ವ ಆ ಹಿಟ್ಟಿಗೆ ಬಿಸಿನೀರು ಹಾಕಿ, ಒಂದು ಕೈ ಆದಮೇಲೆ ಒಂದು ಕೈ ಒತ್ತಿ ನಾದುತ್ತಿದ್ದಳು. ಬೀಸುವುದು, ನಾದುವುದು. ಬೀಸುವುದು, ನಾದುವುದು. ಹೀಗೆ ದಿನಗಳು ಹೋಗುತ್ತಿದ್ದವು.

ಇದನ್ನೆಲ್ಲ ಬಾಗಿಲಲ್ಲಿ ಕೂತು ನೋಡುತ್ತಿದ್ದದ್ದು ಬೆಕ್ಕು.

ಆಗ ಬೆಕ್ಕಿಗೆ ಮನೆ ಇರಲಿಲ್ಲ. ಅದು ಹುಲಿಯ ತಂಗಿ. ಮೈ ನೋಡಿದರೆ ಒಂದು ಹಿಡಿ, ಕೊರಳು ಮಾತ್ರ ಅಕ್ಕನದೇ. ಬೀಸಿ ಬಿಟ್ಟ ಕಲ್ಲು ಬೆಚ್ಚಗಿರುತ್ತದೆಂದು ಅದಕ್ಕೆ ಗೊತ್ತು. ಮೆಲ್ಲಗೆ ಬಂದು ಕಲ್ಲಿಗೆ ಮೈ ಒತ್ತಿಕೊಂಡು ಮಲಗುತ್ತಿತ್ತು. ಮಲಗಿದರೆ ಸುಖವಾಗುತ್ತಿತ್ತು. ಸುಖವಾದರೆ ಅದಕ್ಕೆ ಗೊತ್ತಿದ್ದದ್ದು ಒಂದೇ: ಗರ್ಜಿಸುವುದು. ಮನೆಯ ಮಾಡು ನಡುಗುವ ಹಾಗೆ ಒಮ್ಮೆ ಗರ್ಜಿಸುತ್ತಿತ್ತು. ದ್ಯಾಮಿ ಕಿಟಾರನೆ ಕಿರುಚುತ್ತಿದ್ದಳು. ನಿಂಬೆವ್ವ ಕಸಬರಿಗೆ ಹಿಡಿಯುತ್ತಿದ್ದಳು.

“ಹೊರಗ ನಡಿ! ಹಿಂಗ ಒದರಿದ್ರ ಕೂಸು ಅಂಜೂದಿಲ್ಲೇನ?”

“ನಾ ಏನ ಬೈದೆನೇನ ಯವ್ವಾ? ಕೂಸು ಭಾಳ ಚಂದ ಐತಿ ಅಂತ ಹೇಳಿದ್ನಿ” ಎನ್ನುತ್ತಿತ್ತು ಬೆಕ್ಕು.

“ನಿನ್ನ ಚಂದ ನಿನ್ನ ಕಡೀನ ಇರ್ಲಿ” ಎಂದು ಮುದುಕಿ ಓಡಿಸುತ್ತಿದ್ದಳು.

ಒಂದು ದಿನ ಜೋಳದ ಗಡಿಗೆಯ ತಳ ಕಂಡಿತು. ಆಚೆ ದಂಡೆಯ ಹೊಲದಲ್ಲಿ ಹೊಸ ಜೋಳ ಬಂದಿತ್ತು. “ಸಂಜಿ ಅನ್ನೂದ್ರಾಗ ಬರ್ತೀನಿ ಯವ್ವಾ, ಕೂಸು ಜ್ವಾಕಿ” ಎಂದು ಕಾಳವ್ವ ಹೊಳೆ ದಾಟಿ ಹೋದಳು. ಅವಳು ಆಚೆ ಹೋದದ್ದೇ ತಡ, ಗುಡ್ಡದ ಕಡೆ ಮೋಡ ಒಡೆದು ಹೊಳೆ ಏರಿತು. ಕಾಳವ್ವ ಆಚೆ ದಂಡೆಯಲ್ಲೇ ಉಳಿದಳು.

ತಾಯಿಯಿಲ್ಲದೆ ದ್ಯಾಮಿ ಅಳತೊಡಗಿದಳು. ಹಾಲು ಕೊಟ್ಟರೆ ಬೇಡ, ಎತ್ತಿಕೊಂಡರೆ ಬೇಡ. ನಿಂಬೆವ್ವ ಅವಳನ್ನು ಕಾಲ ಮೇಲೆ ಹಾಕಿಕೊಂಡು, ಉಳಿದ ಜೋಳ ಹಾಕಿ ಬೀಸಿದಳು. ಗುರ್ ಗುರ್ ಕೇಳಿದಷ್ಟು ಹೊತ್ತು ಕೂಸು ಸುಮ್ಮನಿತ್ತು. ಕಲ್ಲು ನಿಂತರೆ ಮತ್ತೆ ಅಳು. ಮುದುಕಿ ನಾಲ್ಕು ನಾಲ್ಕೇ ಕಾಳು ಹಾಕಿ ಬೀಸಿದಳು. ಆಮೇಲೆ ಒಂದೊಂದೇ ಕಾಳು. ಕಡೆಗೆ ಅದೂ ಮುಗಿಯಿತು.

ಆ ಸೀಮೆಯ ಮನೆಗಳಲ್ಲಿ ಒಂದು ಕಟ್ಟಳೆ ಇತ್ತು. ಖಾಲಿ ಕಲ್ಲನ್ನು ತಿರುಗಿಸಬಾರದು. ಬೀಸಿ ಏಳುವಾಗಲೂ ಕಲ್ಲಿನ ಬಾಯಲ್ಲಿ ನಾಲ್ಕು ಕಾಳು ಬಿಟ್ಟೇ ಏಳಬೇಕು, ಕಲ್ಲು ಹಸಿದಿರಬಾರದು. ದೂರದೂರದ ಮನೆಗಳ ಹೆಣ್ಣುಮಕ್ಕಳಿಗೆಲ್ಲ ಇದನ್ನು ಕಲಿಸಿದವಳು ನಿಂಬೆವ್ವನೇ. ಆದರೆ ಕೂಸಿನ ಕಣ್ಣು ಇನ್ನೇನು ಮುಚ್ಚುವುದರಲ್ಲಿತ್ತು. ಅಜ್ಜಿಯ ಜೀವ ತಡೆಯಲಿಲ್ಲ. ಖಾಲಿ ಕಲ್ಲನ್ನೇ ತಿರುಗಿಸಿಬಿಟ್ಟಳು.

ಕಲ್ಲು ಕಲ್ಲಿಗೆ ಉಜ್ಜಿ ಕಿರ್ರೆಂದಿತು. “ಯವ್ವಾ, ನನ್ನ ಹೊಟ್ಟ್ಯಾಗ ಏನೂ ಇಲ್ಲ, ನಿಲ್ಲಸು!”

“ಒಂದೀಟ ತಡಿ ನಮ್ಮಪ್ಪಾ, ಈಗ ಮಲಗತೈತಿ.”

ಟಪ್ಪೆಂದು ಮೇಲಿನ ಕಲ್ಲು ಎರಡು ಹೋಳಾಯಿತು.

ನಿಂಬೆವ್ವ ಹಣೆ ಚಚ್ಚಿಕೊಂಡಳು. ಕೂಸಂತೂ ಈಗ ಅತ್ತೂ ಅತ್ತೂ ದನಿ ಸಣ್ಣದಾಗಿ, ತುಟಿ ಒಣಗಿ, ಮೈ ಕಾದುಹೋಗಿತ್ತು. ಹೀಗೇ ಬಿಟ್ಟರೆ ಕೂಸು ದಕ್ಕುವುದಿಲ್ಲ ಎಂದು ಮುದುಕಿಗೆ ಹೆದರಿಕೆಯಾಯಿತು. ಬಾಗಿಲಿಗೆ ಬಂದು ಹೊಳೆಗೆ ಕೈ ಮುಗಿದಳು.

“ಒಂಚೂರು ಇಳೀವಾ ನಮ್ಮವ್ವ. ಇದರ ತಾಯಿ ಬರ್ಲಿ.”

“ನಾ ಏನ ಬೇಕಂತ ಏರೀನೇನ?” ಎಂದಿತು ಹೊಳೆ. “ಮಳಿನೀರು ಆಗಳೇ ಹರದು ಹೋತು. ಈಗ ಈ ಕೂಸಿನ ಅಳು ಕೇಳಿ ನನಗ ನಿದ್ದಿ ಬರವಲ್ದು, ಅದಕ್ಕ ಹೊರಳಾಡಾಕ ಹತ್ತೀನಿ. ನಾನೂ ಹೊಸಾಕಿ, ಸುಮ್ನ ಮಲಗೂದು ಇನ್ನೂ ಕಲ್ತಿಲ್ಲ. ಮೊದಲ ಅದನ್ನ ಮಲಗಸು.”

“ಚಲೋ ಆತು ತಗೋ! ತಾಯಿ ಬರದ ಕೂಸು ಮಲಗೂದಿಲ್ಲ. ಕೂಸು ಮಲಗದ ನೀ ಇಳಿಯೂದಿಲ್ಲ. ನೀ ಇಳಿಯದ ತಾಯಿ ಬರೂದಿಲ್ಲ. ನಾ ಏನ ಮಾಡ್ಲಿ?”

ಹೊಳೆ ಮತ್ತೊಂದು ಸಲ ಹೊರಳಿತು.

ನಿಂಬೆವ್ವ ಒಳಗೆ ಬಂದರೆ, ಒಡೆದ ಕಲ್ಲಿನ ಹತ್ತಿರ ಬೆಕ್ಕು ಕೂತಿತ್ತು. ರೂಢಿಯಂತೆ ಕೈ ಕಸಬರಿಗೆ ಹುಡುಕಿತು. ಎತ್ತಲು ತ್ರಾಣ ಇರಲಿಲ್ಲ.

ಕಲ್ಲು ಸಣ್ಣ ದನಿಯಲ್ಲಿ ಹೇಳಿತು. “ನಾ ಆರಾಕ ಹತ್ತೀನಿ. ಪೂರಾ ಆರಿದ್ರ ನನ್ನ ಹಾಡೂ ಹೋಗತೈತಿ. ಬೆಚ್ಚನ ಹೊಟ್ಟಿ ಇದ್ದವರು ಯಾರರ ಇಟ್ಕೋರಿ.”

“ನನಗ ಕೊಡು” ಎಂದಳು ನಿಂಬೆವ್ವ.

“ನಿನ್ನ ಹೊಟ್ಟಿ ತುಂಬ ಬರೇ ಮಾತ ಅದಾವ. ಜಾಗ ಎಲ್ಲೈತಿ?”

“ನನಗ?” ಎಂದಿತು ಬೆಕ್ಕು.

“ನಿನ್ನ ಕೊರಳಾಗ ಗರ್ಜನಿ ಐತಿ. ಎರಡೂ ಒಂದ ಕಡೆ ಹಿಡಿಯೂದಿಲ್ಲ. ಅದನ್ನ ಹೊರಗ ಹಾಕಿದ್ರ ಇದು ಒಳಗ ಬರತೈತಿ.”

ಬೆಕ್ಕು ಲೆಕ್ಕ ಹಾಕಿತು. ಗರ್ಜನೆ ಹೋದರೆ ಅಕ್ಕ ಹುಲಿ ತನ್ನನ್ನು ತಂಗಿ ಎನ್ನುವುದಿಲ್ಲ. ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಕಾಡಿಗೆ ಮರಳುವ ಹಾಗಿಲ್ಲ, ಊರಲ್ಲಿ ಮನೆಯಿಲ್ಲ. ಅದಕ್ಕೆ ಇದ್ದ ಆಸ್ತಿ ಅದೊಂದೇ.

ನಿಂಬೆವ್ವ ಕಸಬರಿಗೆಯನ್ನು ಕಾಲಿನಿಂದ ಆಚೆ ಸರಿಸಿದಳು. “ಬ್ಯಾಡ ಬಿಡ ಬೆಕ್ಕ” ಎಂದಳು. “ದಿನಾ ಕಸಬರಗಿ ಹಿಡದಾಕಿ ನಾ. ನಿನ್ನ ಕಡೆ ಬೇಡಾಕ ನನಗ ಮುಖ ಇಲ್ಲ.”

ಬೆಕ್ಕು ಕೂಸನ್ನು ನೋಡಿತು. ಗಟ್ಟಿಯಾಗಿ ಅಳಲೂ ಆಗದೆ ದ್ಯಾಮಿಯ ಸಣ್ಣ ಮುಷ್ಟಿ ಗಾಳಿಯಲ್ಲಿ ಬಿಚ್ಚುತ್ತಿತ್ತು, ಮುಚ್ಚುತ್ತಿತ್ತು. ಬೆಕ್ಕು ಎದ್ದು ಹೊಳೆಯ ದಂಡೆಗೆ ಹೋಯಿತು. ಕಾಲು ಊರಿ ನಿಂತು, ಇದ್ದಬದ್ದದ್ದನ್ನೆಲ್ಲ ಸೇರಿಸಿ ಗರ್ಜಿಸಿತು. ಗಾಳಿ ಆ ಗರ್ಜನೆಯನ್ನು ಎತ್ತಿಕೊಂಡು ಹೋಗಿ ಕಾಡಿನಲ್ಲಿದ್ದ ಹುಲಿಗೆ ಕೊಟ್ಟಿತು. ಕೊರಳಲ್ಲಿ ಗರ್ಜನೆಯ ಬಾಲದ ತುದಿ ಮಾತ್ರ ಉಳಿಯಿತು. ಅದೇ ಮ್ಯಾಂವ್.

ಬೆಕ್ಕು ತಿರುಗಿ ಬಂದು ಕಲ್ಲಿನ ಬಾಯಿಗೆ ಬಾಯಿ ಇಟ್ಟಿತು. ಹಾಡು ಅದರ ಹೊಟ್ಟೆಗೆ ಇಳಿಯಿತು. ಕಲ್ಲು ತಣ್ಣಗಾಯಿತು, ಮತ್ತೆ ಮಾತಾಡಲಿಲ್ಲ.

ಬೆಕ್ಕು ಹೋಗಿ ಕೂಸಿನ ಮಗ್ಗುಲಲ್ಲಿ ಮಲಗಿತು. ಸದ್ದಿಲ್ಲ. ಹಾಡು ಒಳಗಿದೆ, ಹೊರಗೆ ಬರುತ್ತಿಲ್ಲ. “ಹಾಡ ನಮ್ಮವ್ವ” ಎಂದು ನಿಂಬೆವ್ವ ಬೇಡಿಕೊಂಡಳು. “ಹೆಂಗ ಅನ್ನೂದು ಗೊತ್ತಾಗವಲ್ದು” ಎಂದಿತು ಬೆಕ್ಕು, ಪಾಪ. ಕಾಳು ಹಾಕದೆ ಕಲ್ಲು ಹಾಡುವುದಿಲ್ಲ ಎಂದು ಮುದುಕಿಗೆ ನೆನಪಾಯಿತು. ಈ ಸಲ ಖಾಲಿ ತಿರುಗಿಸುವ ತಪ್ಪು ಮಾಡಲು ಅವಳು ತಯಾರಿರಲಿಲ್ಲ. ಆದರೆ ಮನೆಯಲ್ಲಿ ಕಾಳೆಲ್ಲಿದೆ?

ಅಷ್ಟರಲ್ಲಿ ದ್ಯಾಮಿಯ ಮುಷ್ಟಿ ತಾನಾಗಿ ಬೆಕ್ಕಿನ ಬೆನ್ನ ಮೇಲೆ ಬಿತ್ತು. ಥೇಟ್ ಕಾಳವ್ವ ಹಿಡಿ ಜೋಳ ಹಾಕಿದ ಹಾಗೆಯೇ ಬಿತ್ತು, ಬಿದ್ದು ಬಿಚ್ಚಿಕೊಂಡಿತು.

ಗುರ್, ಎಂದಿತು ಬೆಕ್ಕಿನ ಹೊಟ್ಟೆ. ಗುರ್ ಗುರ್. ಗುರ್ ಗುರ್.

ನಿಂಬೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ತನ್ನ ಕೈಯನ್ನೂ ಮೆಲ್ಲಗೆ ಬೆಕ್ಕಿನ ಮೇಲೆ ಇಟ್ಟಳು. ಹಾಡು ಇನ್ನೂ ಜೋರಾಯಿತು. ದ್ಯಾಮಿಯ ಬಿಕ್ಕಳಿಕೆ ನಿಂತಿತು, ಕಣ್ಣು ಮುಚ್ಚಿತು. ಬೆಕ್ಕೂ ಕಣ್ಣು ಅರ್ಧ ಮುಚ್ಚಿತು, ಹಿಟ್ಟು ಹಾರಿ ಬಿದ್ದೀತೆಂದು. ಬೀಸಿದ ಮೇಲೆ ನಾದಬೇಕೆನ್ನುವುದನ್ನೂ ಅದು ನೋಡಿತ್ತಲ್ಲ, ಮುದುಕಿಯ ಮಡಿಲಿಗೆ ಏರಿ ಒಂದು ಕಾಲು ಆದಮೇಲೆ ಒಂದು ಕಾಲು ಒತ್ತಿ ನಾದತೊಡಗಿತು.

“ಹಿಟ್ಟೆಲ್ಲೈತಿ ಹುಚ್ಚಿ, ಏನ ನಾದತಿ?” ಎಂದಳು ನಿಂಬೆವ್ವ. ಅವಳಿಗೆ ನಗುವೂ ಬಂತು, ಅಳುವೂ ಬಂತು.

ಅಳು ನಿಂತದ್ದನ್ನು ಕೇಳಿ ಹೊಳೆ ಮಗ್ಗುಲು ಬದಲಿಸಿತು, ದೊಡ್ಡದಾಗಿ ಆಕಳಿಸಿತು, ಮಲಗಿತು. ನೀರು ಇಳಿಯಿತು. ಮರುದಿನ ಎಳೆಬಿಸಿಲು ಬೀಳುವ ಹೊತ್ತಿಗೆ ಕಾಳವ್ವ ತಲೆಯ ಮೇಲೆ ಜೋಳದ ಗಂಟು ಹೊತ್ತು ಓಡೋಡಿ ಬಂದಳು. ನೋಡಿದರೆ ಕೂಸು ಮೈಕಾವು ಇಳಿದು ಹಾಯಾಗಿ ಮಲಗಿದೆ.

“ಯವ್ವಾ, ಕಲ್ಲು ಒಡದೈತಲ್ಲ! ಇದು ಹೆಂಗ ಮಲಗಿತು?”

“ಸಪ್ಪಳ ಮಾಡಬ್ಯಾಡ” ಎಂದಳು ನಿಂಬೆವ್ವ. ಮಡಿಲಲ್ಲಿದ್ದ ಬೆಕ್ಕನ್ನು ತೋರಿಸಿದಳು. “ನಮ್ಮ ಕಲ್ಲು ಇಲ್ಲೈತಿ. ಇನ್ನ ಮ್ಯಾಲೆ ಇದೂ ನಮ್ಮನೀದ.”

ಆ ಮನೆಗೆ ಹೊಸ ಬೀಸುಕಲ್ಲು ಬಂತು, ಅದೂ ಸವೆಯಿತು. ಈಗ ನಿಮ್ಮ ಮನೆಯಲ್ಲಿ ಹುಡುಕಿದರೂ ಒಂದು ಬೀಸುಕಲ್ಲು ಸಿಗಲಿಕ್ಕಿಲ್ಲ, ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಹಾಡು ಮಾತ್ರ ಬೆಕ್ಕಿನ ಹತ್ತಿರ ಭದ್ರವಾಗಿದೆ. ಅದಕ್ಕೇ ಇವತ್ತಿಗೂ ನೀವು ಬೆಕ್ಕಿನ ಬೆನ್ನ ಮೇಲೆ ಕೈ ಇಟ್ಟ ಕೂಡಲೇ, ಒಂದು ಹಿಡಿ ಜೋಳ ಬಿತ್ತೆಂದುಕೊಂಡು ಅದು ಕಣ್ಣು ಅರೆಮುಚ್ಚಿ ಗುರ್ ಗುರ್ ಎಂದು ಬೀಸುತ್ತದೆ, ಬೀಸಿ ಬೀಸಿ ನಿಮ್ಮ ತೊಡೆಯ ಮೇಲೆ ದ್ಯಾಮಿಯ ಮನೆಯ ರೊಟ್ಟಿಗೆ ಹಿಟ್ಟು ನಾದುತ್ತದೆ.